ಕಮಡೋರ್ 64: ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ಚಿಕ್ಕಪ್ಪ ಬಳಸುತ್ತಿದ್ದ ಕಮಡೋರ್ 64 ಕಂಪ್ಯೂಟರ್ ಅಟ್ಟದ ಮೇಲೆ ಸಿಕ್ಕಿತು. ಕಂದು ಬಣ್ಣದ ಹಳೇ ಮಾದರಿ. ಜೊತೆಗಿದ್ದ ಅಡಾಪ್ಟರಿನಿಂದಲೇ ಆನ್ ಮಾಡಿದೆ. ಮೊದಲ ಸಲ ನೀಲಿ ಪರದೆ ಬಂತು, ಕರ್ಸರ್ ಮಿನುಗಿತು. ಕೆಲವು ನಿಮಿಷದಲ್ಲಿ ಅಕ್ಷರಗಳೆಲ್ಲ ಕಲಸಿಹೋಗಿ ನಿಂತುಬಿಟ್ಟಿತು. ಆಮೇಲೆ ನಾಲ್ಕೈದು ಸಲ ಪ್ರಯತ್ನಿಸಿದೆ. ಕೆಂಪು ದೀಪ ಹತ್ತುತ್ತದೆ, ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂಬ ಬರಹ ಹೋಗಿ ಪರದೆ ಕಪ್ಪಾಗುತ್ತದೆ, ಅಷ್ಟೇ. ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿ, ಹೊಸ ಪಿಎಲ್‌ಎ ಚಿಪ್ (ಯಾವ ಚಿಪ್ ಯಾವಾಗ ಮಾತಾಡಬೇಕು ಅಂತ ಹೇಳುವ ಚಿಪ್) ಹಾಕು ಎಂದು ಗೆಳೆಯರು ಹೇಳಿದರು. ಎರಡನ್ನೂ ತರಿಸಿದ್ದೇನೆ. ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಸ್ವಲ್ಪ ಬರುತ್ತದೆ. ಶುರು ಮಾಡಲಾ?

ಉತ್ತರ: ಬೇಡ. ಸೋಲ್ಡರಿಂಗ್ ಐರನ್ನನ್ನು ಸದ್ಯಕ್ಕೆ ಡಬ್ಬದಲ್ಲೇ ಇಡಿ. ಅದಕ್ಕಿಂತ ಮುಖ್ಯವಾಗಿ, ಆ ಹಳೇ ಅಡಾಪ್ಟರನ್ನು ಇನ್ನೊಂದು ಸಲವೂ ಕಂಪ್ಯೂಟರಿಗೆ ಚುಚ್ಚಬೇಡಿ. ‘ಇನ್ನೊಂದೇ ಸಲ ನೋಡೋಣ’ ಅನ್ನಿಸುತ್ತೆ, ನನಗೂ ಅನ್ನಿಸುತ್ತಿತ್ತು. ಬೇಡ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ನೀವು ಅವನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ, ಆದರೆ ಅರ್ಧ ಉತ್ತರ ಅಲ್ಲೇ ಇದೆ. ಒಂದು, ಮೊದಲ ಸಲ ಚೆನ್ನಾಗಿಯೇ ಶುರುವಾಗಿ ಆಮೇಲೆ ಕೆಟ್ಟಿತು. ಅಂದರೆ ಇಷ್ಟು ವರ್ಷ ಅಟ್ಟದ ಮೇಲೆ ಯಂತ್ರ ಬದುಕಿಯೇ ಇತ್ತು. ಕೆಟ್ಟಿದ್ದು ಮೊನ್ನೆ, ನಿಮ್ಮ ಕಣ್ಣೆದುರೇ. ಇನ್ನೊಂದು, ಪರದೆ ಕಪ್ಪಾದರೂ ‘ಸಿಗ್ನಲ್ ಇಲ್ಲ’ ಎಂಬ ಬರಹ ಹೋಗುತ್ತದೆ. ಅಂದರೆ ಟಿವಿಗೆ ಏನೋ ತಲುಪುತ್ತಿದೆ. ಇವೆರಡನ್ನೂ ಸೇರಿಸಿದರೆ ನನ್ನ ಅನುಮಾನ ನೇರವಾಗಿ ಅಡಾಪ್ಟರಿನ ಮೇಲೆ ಹೋಗುತ್ತದೆ. ಅದು ಕೊಂದಿರಬಹುದಾದ ನೆನಪಿನ ಚಿಪ್‌ಗಳ, ಅಂದರೆ ರ‍್ಯಾಮ್ ಚಿಪ್‌ಗಳ ಸರದಿ ಆಮೇಲಿನದು.

ಯಾಕೆ ಅಂತ ಹೇಳುತ್ತೇನೆ.

1982ರಲ್ಲಿ ಬಂದ ಈ ಯಂತ್ರಕ್ಕೆ ಅಡಾಪ್ಟರಿನಿಂದ ಎರಡು ಬಗೆಯ ವಿದ್ಯುತ್ ಬರುತ್ತದೆ: 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ. 5 ವೋಲ್ಟು ಹೆಚ್ಚುಕಮ್ಮಿ ನೇರವಾಗಿ ರ‍್ಯಾಮ್, ಪ್ರೊಸೆಸರ್, ರಾಮ್ (ಅಳಿಸಲಾಗದ ಪ್ರೋಗ್ರಾಮ್ ಇರುವ ಚಿಪ್, ಆರ್‌ಒಎಂ), ಪಿಎಲ್‌ಎ ಇವುಗಳಿಗೆಲ್ಲ ಹೋಗುತ್ತದೆ. ನಡುವೆ ಕಾಪಾಡುವವರು ಯಾರೂ ಇಲ್ಲ. 9 ವೋಲ್ಟ್ ಎಸಿಯ ದಾರಿ ಬೇರೆ. ಅದು ಫ್ಯೂಸ್ ದಾಟಿ ಒಳಗೆ ಬಂದು, ಬೋರ್ಡಿನ ಮೇಲೇ ಡಿಸಿ ಆಗುತ್ತದೆ. ಅಲ್ಲಿ 7812 ಮತ್ತು 7805 ಎಂಬ, ವೋಲ್ಟೇಜು ಏರಿಳಿಯದಂತೆ ಹಿಡಿದಿಡುವ ಎರಡು ರೆಗ್ಯುಲೇಟರ್‌ಗಳು 12 ವೋಲ್ಟ್ ಮತ್ತು ಇನ್ನೊಂದು ಪ್ರತ್ಯೇಕ 5 ವೋಲ್ಟ್ ಮಾಡಿಕೊಡುತ್ತವೆ. ನಿಮ್ಮ ಹಳೇ ಮಾದರಿಯಲ್ಲಿ ಚಿತ್ರ ಮೂಡಿಸುವ ವಿಕ್ ಚಿಪ್ ಬದುಕುವುದು ಈ ಎರಡನೇ ದಾರಿಯಿಂದ.

ಈಗ ನಿಮ್ಮ ಟಿವಿಯ ವಿಷಯಕ್ಕೆ ಬನ್ನಿ. ಟಿವಿಗೆ ಸಿಗ್ನಲ್ ಸಿಗುತ್ತಿದೆ ಅಂದರೆ ವಿಕ್ ಬದುಕಿದೆ. ವಿಕ್ ಬದುಕಿದೆ ಅಂದರೆ 9 ವೋಲ್ಟಿನ ದಾರಿ ಸರಿ ಇದೆ, ಫ್ಯೂಸ್ ಸರಿ ಇದೆ, ಎರಡೂ ರೆಗ್ಯುಲೇಟರ್ ಸರಿ ಇವೆ, ಚಿಪ್‌ಗಳಿಗೆ ತಾಳ ಕೊಡುವ ಗಡಿಯಾರದ ಸರ್ಕ್ಯೂಟೂ ಓಡುತ್ತಿದೆ. ಪೆಟ್ಟಿಗೆ ಬಿಚ್ಚದೆಯೇ ಇಷ್ಟು ಗೊತ್ತಾಯಿತು ನೋಡಿ. ಕೆಂಪು ದೀಪ ಹೇಳುವುದು ತುಂಬ ಕಡಿಮೆ. ಅದು ಉರಿಯುವುದು ಅಡಾಪ್ಟರಿನ 5 ವೋಲ್ಟಿನಿಂದ. ‘ಏನೋ ಬರುತ್ತಿದೆ’ ಅಂತಷ್ಟೇ ಹೇಳುತ್ತದೆ. ಐದು ಬರುತ್ತಿದೆಯೋ ಎಂಟು ಬರುತ್ತಿದೆಯೋ ಹೇಳುವುದಿಲ್ಲ.

ತೊಂದರೆ ಇರುವುದೇ ಅಲ್ಲಿ. ಆ ಕಾಲದ ಇಟ್ಟಿಗೆಯಂಥ ಅಡಾಪ್ಟರಿನ ಒಳಗೆ ರಾಳದಂಥ ವಸ್ತು ತುಂಬಿ ಗಟ್ಟಿ ಮಾಡಿರುತ್ತಾರೆ. ಶಾಖ ಹೊರಗೆ ಹೋಗದು, ಬಿಚ್ಚಿ ರಿಪೇರಿ ಮಾಡೋಣ ಅಂದರೆ ಅದಕ್ಕೂ ಬಿಡದು. ಒಳಗಿನ ರೆಗ್ಯುಲೇಟರ್ ವರ್ಷಗಟ್ಟಲೆ ಬೆಂದೂ ಬೆಂದೂ ಒಂದು ದಿನ ಕೈಬಿಡುತ್ತದೆ. ಸುಮ್ನೆ ಸತ್ತರೆ ಚಿಂತೆ ಇರಲಿಲ್ಲ. ಎಷ್ಟೋ ಸಲ ಅದು ಸಾಯುವಾಗ ವೋಲ್ಟೇಜು ಏರುತ್ತದೆ. ತಣ್ಣಗಿದ್ದಾಗ 5, ಬಿಸಿಯಾದ ಮೇಲೆ 6, 7. ನಿಮ್ಮದು ಕೆಲವು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕಲಸಿಹೋಗಿದ್ದು ಈ ಕತೆಗೆ ಸರಿಯಾಗಿ ಹೊಂದುತ್ತದೆ.

ಹಾಗಾಗಿ ಮೊದಲ ಕೆಲಸ ಅಡಾಪ್ಟರನ್ನು ಅಳೆಯುವುದು, ಅದೂ ಕಂಪ್ಯೂಟರಿಗೆ ಸಿಕ್ಕಿಸದೆ.

ಅಡಾಪ್ಟರಿನ ವೈರಿನ ತುದಿಯಲ್ಲಿರುವ ದುಂಡನೆಯ ಡಿನ್ ಪ್ಲಗ್ಗಿನ ಏಳು ಪಿನ್‌ಗಳು ಕುದುರೆ ಲಾಳದ ಆಕಾರದಲ್ಲಿರುತ್ತವೆ. ಪಿನ್ ಸಂಖ್ಯೆ ಎಣಿಸಲು ಹೋಗಬೇಡಿ. ಮುಂದಿನಿಂದ ನೋಡಿದರೆ ಒಂದು ಲೆಕ್ಕ, ಹಿಂದಿನಿಂದ ನೋಡಿದರೆ ಅದರ ಉಲ್ಟಾ. ಎಲ್ಲರೂ ಇಲ್ಲಿ ಎಡವುತ್ತಾರೆ. ಲಾಳದ ಎರಡು ತುದಿಯ ಪಿನ್‌ಗಳು 9 ವೋಲ್ಟ್ ಎಸಿ. ಲಾಳದ ಸರಿಯಾಗಿ ನಡುವಿನ ಪಿನ್ ಗ್ರೌಂಡ್. ಅದರ ಅಕ್ಕಪಕ್ಕದ ಎರಡರಲ್ಲಿ ಒಂದು 5 ವೋಲ್ಟ್, ಇನ್ನೊಂದು ಖಾಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಪ್ರೋಬನ್ನು ನಡುವಿನ ಪಿನ್ನಿಗೆ, ಕೆಂಪು ಪ್ರೋಬನ್ನು ಪಕ್ಕದ ಪಿನ್ನಿಗೆ ಹಿಡಿಯಿರಿ. ಅದು ಖಾಲಿ ಬಂದರೆ ಆಚೆ ಪಕ್ಕದ್ದು. ಎರಡು ತುದಿಗಳ ನಡುವೆ ಎಸಿಯಲ್ಲಿ ಅಳೆದರೆ 9ಕ್ಕಿಂತ ಸ್ವಲ್ಪ ಜಾಸ್ತಿಯೇ ಕಾಣಬಹುದು. ಹೊರೆ ಇಲ್ಲದಿದ್ದಾಗ, ಅಂದರೆ ಯಾವುದೂ ಕರೆಂಟ್ ಎಳೆಯದಿದ್ದಾಗ, ಅದು ಸಹಜ. 5 ವೋಲ್ಟಿಗೆ ಮಾತ್ರ ಆ ರಿಯಾಯಿತಿ ಇಲ್ಲ. 4.75ರಿಂದ 5.25ರ ಒಳಗೇ ಇರಬೇಕು.

ಮೀಟರು 5.02 ತೋರಿಸಿತು ಅಂತ ನಂಬಿ ಕೂರಬೇಡಿ. ಹೊರೆ ಹಾಕಿ ನೋಡಬೇಕು. 4.7 ಓಮ್, 10 ವ್ಯಾಟಿನ ಒಂದು ರೆಸಿಸ್ಟರನ್ನು ಆ 5 ವೋಲ್ಟಿಗೂ ಗ್ರೌಂಡಿಗೂ ನಡುವೆ ಹಾಕಿದರೆ ಒಂದು ಆಂಪಿಯರಿಗಿಂತ ಚೂರು ಜಾಸ್ತಿ ಎಳೆಯುತ್ತದೆ. ಕಂಪ್ಯೂಟರ್ ಎಳೆಯುವುದೂ ಸುಮಾರು ಅಷ್ಟೇ. ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಇಡಬೇಡಿ. ಅರ್ಧ ಗಂಟೆ ಹಾಗೇ ಬಿಟ್ಟು ಐದೈದು ನಿಮಿಷಕ್ಕೊಮ್ಮೆ ರೀಡಿಂಗ್ ಬರೆದುಕೊಳ್ಳಿ. ಮೇಲೆ ಏರುತ್ತಿದ್ದರೆ ನಿಮ್ಮ ಅಪರಾಧಿ ಸಿಕ್ಕಿದ.

ಏರದಿದ್ದರೆ? ಆಗಲೂ ನಾನು ಅದನ್ನು ಬಳಸುವುದಿಲ್ಲ. ಇದು ಸ್ವಲ್ಪ ಹಟದ ಮಾತು, ಒಪ್ಪುತ್ತೇನೆ. ಆದರೆ ಇಷ್ಟು ವಯಸ್ಸಾದ ಆ ಇಟ್ಟಿಗೆ ಇವತ್ತು ಪಾಸಾಯಿತು ಅಂದರೆ ನಾಳೆಯೂ ಪಾಸಾಗುತ್ತದೆ ಅಂತ ಅರ್ಥ ಅಲ್ವಲ್ಲ. ಈ ಯಂತ್ರಕ್ಕೆಂದೇ ಈಗ ಮಾಡುವ ಹೊಸ ಅಡಾಪ್ಟರ್‌ಗಳಿವೆ. 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಎರಡೂ ಕೊಡುವಂಥದ್ದು ನೋಡಿ ತೆಗೆದುಕೊಳ್ಳಿ. ಕೆಪಾಸಿಟರ್‌ಗೆ ಹಾಕಿದ ದುಡ್ಡು ಇದಕ್ಕೆ ಹಾಕಿದ್ದರೆ ಚೆನ್ನಾಗಿರುತ್ತಿತ್ತು. ವೋಲ್ಟೇಜು ಏರಿದ ತಕ್ಷಣ ಕತ್ತರಿಸುವ ಪುಟ್ಟ ರಕ್ಷಣಾ ಸರ್ಕ್ಯೂಟುಗಳೂ ಸಿಗುತ್ತವೆ. ಹಳೆಯದನ್ನೇ ಬಳಸುತ್ತೇನೆ ಎನ್ನುವವರು ಕನಿಷ್ಠ ಅದನ್ನಾದರೂ ನಡುವೆ ಹಾಕಿಕೊಳ್ಳಬೇಕು.

ಇನ್ನು ಕೆಪಾಸಿಟರ್‌ಗಳ ಮಾತು. ಹಳೇ ಯಂತ್ರ ಅಂದ ಕೂಡಲೇ ‘ಕೆಪಾಸಿಟರ್ ಬದಲಾಯಿಸು’ ಅನ್ನುವುದು ಒಂದು ಮಂತ್ರವಾಗಿಬಿಟ್ಟಿದೆ. ಕಮಡೋರ್ ಕಂಪನಿಯದೇ ಆಮೇಲಿನ ಕಂಪ್ಯೂಟರುಗಳಾದ ಅಮಿಗಾ 600, ಅಮಿಗಾ 1200 ಇವುಗಳಲ್ಲಿ ಅದು ನಿಜ. ಅವುಗಳ ಬೋರ್ಡಿಗೆ ಅಂಟಿಕೊಂಡ ಪುಟ್ಟ ಕೆಪಾಸಿಟರ್‌ಗಳು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತವೆ. ಅಲ್ಲಿ ಕಾಯಬಾರದು. ಕಮಡೋರ್ 64ರ ಕೆಪಾಸಿಟರ್‌ಗಳು ಹಾಗಲ್ಲ, ಬಹಳ ಗಟ್ಟಿಪಿಂಡಗಳು. ಉಬ್ಬಿಲ್ಲ, ಸೋರಿಲ್ಲ ಅಂದರೆ ಮುಟ್ಟಬೇಡಿ. ಕಪ್ಪು ಪರದೆಗೆ ಅವು ಕಾರಣವಾಗುವುದು ಅಪರೂಪ. ಹತ್ತಿಪ್ಪತ್ತು ಕಡೆ ಬಿಸಿ ಮಾಡಿ, ಅದರಲ್ಲಿ ಎರಡು ಕಡೆ ತಾಮ್ರ ಎದ್ದುಬಂದರೆ, ಇದ್ದ ಒಂದು ದೋಷದ ಜೊತೆ ಇನ್ನೆರಡನ್ನು ನೀವೇ ಸೇರಿಸಿದ ಹಾಗೆ. ಆಮೇಲೆ ಯಾವುದು ಮೊದಲಿನದು, ಯಾವುದು ನಮ್ಮದು ಅಂತ ಹುಡುಕುವುದು ನರಕ.

ಹೊಸ ಅಡಾಪ್ಟರ್ ಬಂದ ಮೇಲೆ ಪೆಟ್ಟಿಗೆ ಬಿಚ್ಚಿ. ತಳದಲ್ಲಿ ಮೂರು ಸ್ಕ್ರೂ. ಮೇಲಿನ ಭಾಗವನ್ನು ಪುಸ್ತಕದ ಹಾಗೆ ಹಿಂದಕ್ಕೆ ಎತ್ತಿ. ಕೀಬೋರ್ಡಿನ ವೈರೂ ದೀಪದ ವೈರೂ ಸಿಕ್ಕಿಕೊಂಡಿರುತ್ತವೆ, ಎಳೆಯಬೇಡಿ, ಮೆಲ್ಲಗೆ ಕಳಚಿ. ಒಳಗೆ ಕೈ ಹಾಕುವ ಮೊದಲು ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಳ್ಳಿ. ಈ ಚಿಪ್‌ಗಳಿಗೆ ಅದೂ ಯಮ.

ಸಾಕೆಟ್ಟಿನಲ್ಲಿರುವ ಚಿಪ್‌ಗಳನ್ನು, ಪವರ್ ಆಫ್ ಇದ್ದಾಗ, ಒಂದೊಂದಾಗಿ ಸ್ವಲ್ಪ ಎತ್ತಿ ಮತ್ತೆ ಒತ್ತಿ. ಕಾಲುಗಳಿಗೆ ಹಿಡಿದ ಕಿಲುಬು ಉಜ್ಜಿಹೋಗುತ್ತದೆ. ಎರಡು ನಿಮಿಷದ ಕೆಲಸ, ಕೆಲವೊಮ್ಮೆ ಇಷ್ಟಕ್ಕೇ ಯಂತ್ರ ಎದ್ದು ಕೂರುತ್ತದೆ. ಪೂರ್ತಿ ಕಿತ್ತರೆ ಯಾವ ಕಡೆ ಕಚ್ಚು (ಚಿಪ್ಪಿನ ತುದಿಯ ಪುಟ್ಟ ತಗ್ಗು) ಇತ್ತು ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಆನ್ ಮಾಡಿ ರ‍್ಯಾಮ್ ಚಿಪ್‌ಗಳ ಮೇಲೆ ಅಳೆಯಿರಿ. ನಿಮ್ಮ ಬೋರ್ಡಿನಲ್ಲಿ 4164 ಎಂಬ ಎಂಟು ಚಿಪ್‌ಗಳು ಸಾಮಾನ್ಯವಾಗಿ ಎರಡು ಸಾಲಿನಲ್ಲಿರುತ್ತವೆ. ಇಲ್ಲೊಂದು ಮೋಸ ಇದೆ. 16 ಕಾಲಿನ ಮಾಮೂಲಿ ಲಾಜಿಕ್ ಚಿಪ್ಪುಗಳಲ್ಲಿ 16ನೇ ಕಾಲು 5 ವೋಲ್ಟ್, 8ನೇ ಕಾಲು ಗ್ರೌಂಡ್. 4164ರಲ್ಲಿ ಉಲ್ಟಾ: 8ನೇ ಕಾಲು 5 ವೋಲ್ಟ್, 16ನೇ ಕಾಲು ಗ್ರೌಂಡ್. ಗೊತ್ತಿಲ್ಲದೆ ಅಳೆದವರು ಮೈನಸ್ 5 ಕಂಡು ಬೆಚ್ಚಿಬೀಳುತ್ತಾರೆ.

ಒಂದು ನಿಮಿಷ ಬಿಟ್ಟು ಬೆರಳ ತುದಿಯಿಂದ ಎಂಟನ್ನೂ ಮುಟ್ಟಿನೋಡಿ. ಮೆಲ್ಲಗೆ, ಮುಟ್ಟಿ ತೆಗೆಯಿರಿ, ಸುಟ್ಟುಕೊಂಡೀರಿ. ವಿಕ್, ಪಿಎಲ್‌ಎ, ಶಬ್ದದ ಸಿಡ್ ಚಿಪ್ ಇವು ಹುಟ್ಟಾ ಬಿಸಿ, ಅದಕ್ಕೆ ಗಾಬರಿ ಬೇಡ. ರ‍್ಯಾಮ್‌ಗಳು ಉಗುರುಬೆಚ್ಚಗಿರಬೇಕು. ಏಳು ಬೆಚ್ಚಗಿದ್ದು ಒಂದು ಮಾತ್ರ ಬೆರಳು ಹಿಂದಕ್ಕೆಳೆಯುವಷ್ಟು ಸುಡುತ್ತಿದ್ದರೆ ಅದು ಒಳಗೇ ಶಾರ್ಟ್ ಆಗಿದೆ. ಹಾಗಂತ ಯಾವುದೂ ಸುಡುತ್ತಿಲ್ಲ ಅಂದರೆ ಎಲ್ಲವೂ ಸರಿ ಅಂತಲ್ಲ. ಸದ್ದಿಲ್ಲದೆ ತಣ್ಣಗೆ ಸಾಯುವ ಚಿಪ್‌ಗಳೂ ಉಂಟು.

ಒಂದೇ ಒಂದು ರ‍್ಯಾಮ್ ಚಿಪ್ ಕೆಟ್ಟರೆ ಇಡೀ ಪರದೆ ಯಾಕೆ ಕಪ್ಪಾಗಬೇಕು? 64 ಕೆಬಿಯಲ್ಲಿ ಎಂಟನೇ ಒಂದು ಭಾಗ ಹೋದರೆ ಮಿಕ್ಕಿದ್ದರಲ್ಲಿ ಓಡಬಾರದಾ? ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಇಲ್ಲಿ ನೆನಪನ್ನು ಎಂಟು ಕೋಣೆಗಳಾಗಿ ಹಂಚಿಲ್ಲ. ಪ್ರತಿಯೊಂದು ಬೈಟಿನ ಎಂಟು ಬಿಟ್‌ಗಳನ್ನು ಎಂಟು ಚಿಪ್‌ಗಳಿಗೆ ಒಂದೊಂದರಂತೆ ಹಂಚಿದೆ. ಒಂದು ಚಿಪ್ ಸತ್ತರೆ ನೆನಪಿನ ಪ್ರತಿ ಬೈಟಿನಲ್ಲೂ ಒಂದು ಬಿಟ್ ಸುಳ್ಳು ಹೇಳುತ್ತದೆ. ಬರೆದಿದ್ದ ಸಂಖ್ಯೆ ಒಂದು, ಓದಿದಾಗ ಬರುವುದು ಇನ್ನೊಂದು.

ಆನ್ ಮಾಡಿದ ಕೂಡಲೇ ಒಳಗೆ ನಡೆಯುವುದನ್ನು ನೋಡಿ. ಪ್ರೊಸೆಸರ್ ಮೊದಲು ಕರ್ನಲ್ (ಯಂತ್ರವನ್ನು ಶುರು ಮಾಡುವ ಮೂಲ ಪ್ರೋಗ್ರಾಮ್) ಇರುವ ರಾಮ್ ಚಿಪ್ಪಿಗೆ ಹೋಗುತ್ತದೆ. ಅಲ್ಲಿ ಇನ್‌ಪುಟ್ ಔಟ್‌ಪುಟ್ ಚಿಪ್‌ಗಳನ್ನು ಅಣಿ ಮಾಡುವ ಕೆಲಸ, ಆಮೇಲೆ ರ‍್ಯಾಮ್ ಪರೀಕ್ಷೆ, ಇವೆಲ್ಲ ಮುಗಿದ ಮೇಲೆ ಪರದೆಗೆ ನೀಲಿ ಬಣ್ಣ. ಚೆನ್ನಾಗಿರುವ ಯಂತ್ರದಲ್ಲೂ ಮೊದಲ ಎರಡು ಮೂರು ಸೆಕೆಂಡು ಪರದೆ ಕಪ್ಪಾಗಿರುವುದು ಇದಕ್ಕೇ. ಈ ಪ್ರತಿ ಕೆಲಸಕ್ಕೂ ಹೋಗುವಾಗ ಪ್ರೊಸೆಸರ್ ‘ವಾಪಸ್ ಬರಬೇಕಾದ ಜಾಗ’ದ ವಿಳಾಸವನ್ನು ರ‍್ಯಾಮಿನಲ್ಲಿ ಬರೆದಿಡುತ್ತದೆ. ಒಂದು ಬಿಟ್ ಸುಳ್ಳಾದರೆ ವಾಪಸ್ ಬರುವ ವಿಳಾಸವೇ ತಪ್ಪು. ಪ್ರೊಸೆಸರ್ ಎಲ್ಲೋ ಹೋಗಿ ದಾರಿ ತಪ್ಪುತ್ತದೆ. ನೀಲಿ ಬಣ್ಣ ಹಾಕುವ ಸಾಲಿಗೆ ಅದು ತಲುಪುವುದೇ ಇಲ್ಲ. ನಿಮಗೆ ಕಾಣುವ ಕಪ್ಪು ಅಂದರೆ ಅಷ್ಟೇ, ಶುರುವಾಗದೆ ಉಳಿದ ಪರದೆ.

ಯಾವ ಚಿಪ್ ಅಂತ ಹಿಡಿಯುವುದು ಹೇಗೆ? ಇದಕ್ಕೆ ‘ಡೆಡ್ ಟೆಸ್ಟ್’ ಎಂಬ ಕಾರ್ಟ್ರಿಜ್ ಇದೆ. ಒಂದು ತರಿಸಿಕೊಳ್ಳಿ. ಪವರ್ ಆಫ್ ಮಾಡಿಯೇ ಹಿಂಬದಿಯ ಸ್ಲಾಟಿಗೆ ಹಾಕಬೇಕು. ಅದು ಕರ್ನಲ್ಲನ್ನು ಪಕ್ಕಕ್ಕೆ ಸರಿಸಿ ತನ್ನದೇ ಪ್ರೋಗ್ರಾಮನ್ನು ಓಡಿಸುತ್ತದೆ, ಶುರುವಾಗಲು ರ‍್ಯಾಮ್ ಸರಿಯಿರಬೇಕು ಅಂತಿಲ್ಲ. ಆನ್ ಮಾಡಿದ ಮೇಲೆ ಸುಮಾರು ಹತ್ತು ಸೆಕೆಂಡು ಏನೂ ಕಾಣದು. ತಾಳ್ಮೆ ಇರಲಿ. ರ‍್ಯಾಮ್ ಕೆಟ್ಟಿದ್ದರೆ ಆಮೇಲೆ ಪರದೆ ಮಿಂಚಿ ಮಿಂಚಿ ನಿಲ್ಲುತ್ತದೆ. ಮತ್ತೆ ಮಿಂಚುತ್ತದೆ. ಎಷ್ಟು ಸಲ ಮಿಂಚಿತು ಅಂತ ಎಣಿಸಿ. ಎಂಟು ಚಿಪ್ಪಿನ ಬೋರ್ಡಿನಲ್ಲಿ ಒಂದು ಸಲ ಅಂದರೆ ಯು12, ಎರಡು ಯು24, ಮೂರು ಯು11, ನಾಲ್ಕು ಯು23, ಐದು ಯು10, ಆರು ಯು22, ಏಳು ಯು9, ಎಂಟು ಯು21. ಬೋರ್ಡಿನ ಮೇಲೆ ಚಿಪ್ಪಿನ ಪಕ್ಕದಲ್ಲೇ ಈ ಹೆಸರು ಅಚ್ಚಾಗಿರುತ್ತದೆ. ಮೂರು ನಾಲ್ಕು ಸಲ ಎಣಿಸಿ ಖಾತ್ರಿ ಮಾಡಿಕೊಳ್ಳಿ.

ಒಂದು ಚಿಪ್ ಬದಲಾಯಿಸಿದ ಮೇಲೆ ಮಿಂಚಿನ ಲೆಕ್ಕ ಬದಲಾದರೆ ಬೇಜಾರಾಗಬೇಡಿ. ಹೆಚ್ಚು ವೋಲ್ಟೇಜು ತಿಂದ ಬೋರ್ಡಿನಲ್ಲಿ ಎರಡು ಮೂರು ರ‍್ಯಾಮ್ ಒಟ್ಟಿಗೆ ಹೋಗಿರುವುದುಂಟು. ಪರೀಕ್ಷೆ ಒಂದು ಸಲಕ್ಕೆ ಒಂದನ್ನೇ ತೋರಿಸುತ್ತದೆ.

ಸೋಲ್ಡರಿಂಗ್ ಐರನ್ ಬೇಕಾಗುವುದು ಈಗ. ರ‍್ಯಾಮ್‌ಗಳು ಸಾಮಾನ್ಯವಾಗಿ ನೇರ ಬೋರ್ಡಿಗೇ ಬೆಸೆದಿರುತ್ತವೆ. ನಾನು ಮೊದಲ ಸಲ ಮಾಡಿದಾಗ ಚಿಪ್ಪನ್ನು ಇಡಿಯಾಗಿ ಹೊರಗೆ ತೆಗೆಯಬೇಕು ಅಂತ ಹಟ ಹಿಡಿದೆ. ಹದಿನೈದು ಕಾಲು ಬಿಟ್ಟುಕೊಂಡಿದ್ದವು, ಒಂದು ಬಿಟ್ಟಿರಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಎತ್ತಿದೆ. ಟಕ್ ಅಂತ ಒಂದು ಸದ್ದು. ಚಿಪ್ಪಿನ ಜೊತೆ ಕೂದಲೆಳೆಯಷ್ಟು ತಾಮ್ರವೂ ಎದ್ದು ಬಂತು. ಹೋದದ್ದು ಹೇಗೂ ಸತ್ತ ಚಿಪ್, ಅದನ್ನು ಉಳಿಸಿಕೊಂಡು ಏನು ಮಾಡಬೇಕಿತ್ತು ನನಗೆ! ನೀವು ಹಾಗೆ ಮಾಡಬೇಡಿ. ಚಿಕ್ಕ ಕಟ್ಟರಿನಿಂದ ಹದಿನಾರೂ ಕಾಲುಗಳನ್ನು ಚಿಪ್ಪಿನ ಮೈಗೆ ತಾಗುವಂತೆ ಕತ್ತರಿಸಿ. ಮೈ ಬಿದ್ದುಹೋಗುತ್ತದೆ. ಉಳಿದ ಒಂಟಿ ಕಾಲುಗಳನ್ನು ಒಂದೊಂದಾಗಿ ಬಿಸಿ ಮಾಡಿ ಚಿಮಟದಲ್ಲಿ ಎಳೆಯಿರಿ, ಎಳೆಯುವಾಗ ಬಲ ಹಾಕುವಂತಿಲ್ಲ. ಗ್ರೌಂಡಿನ ಕಾಲು ತಡವಾಗಿ ಕರಗುತ್ತದೆ, ಅಲ್ಲಿನ ಅಗಲ ತಾಮ್ರ ಶಾಖವನ್ನು ಕುಡಿದುಬಿಡುತ್ತದೆ. ಸ್ವಲ್ಪ ಹೊಸ ಸೋಲ್ಡರ್, ಸ್ವಲ್ಪ ಫ್ಲಕ್ಸ್ ಹಾಕಿದರೆ ಬೇಗ ಬಿಡುತ್ತದೆ. ರಂಧ್ರಗಳನ್ನು ಪಂಪಿನಿಂದ ಖಾಲಿ ಮಾಡಿ, ಸಾಕೆಟ್ ಬೆಸೆದು, ಹೊಸ 4164 ಅದರಲ್ಲಿ ಕೂರಿಸಿ. ಕಚ್ಚು ಪಕ್ಕದ ಚಿಪ್ಪಿನ ಕಚ್ಚಿನ ಕಡೆಗೇ ಇರಬೇಕು.

ಸತ್ತ ಚಿಪ್ಪಿನ ಬೆನ್ನ ಮೇಲೆ ಒಳ್ಳೆಯ ಚಿಪ್ಪನ್ನು ಕಾಲಿಗೆ ಕಾಲು ತಾಗುವಂತೆ ಕೂರಿಸಿ ನೋಡುವ ಉಪಾಯವೂ ಇದೆ. ಕೆಲವೊಮ್ಮೆ ಯಂತ್ರ ತಕ್ಷಣ ಎದ್ದುಬಿಡುತ್ತದೆ. ಆದರೆ ಕೆಳಗಿನದು ಶಾರ್ಟ್ ಆಗಿದ್ದರೆ ಮೇಲಿನದು ಎಷ್ಟೇ ಒಳ್ಳೆಯದಾದರೂ ಪ್ರಯೋಜನ ಇಲ್ಲ. ಎದ್ದರೆ ಉತ್ತರ ಸಿಕ್ಕಿತು, ಏಳದಿದ್ದರೆ ಏನೂ ಗೊತ್ತಾಗಲಿಲ್ಲ ಅಂತಲೇ ತಿಳಿಯಿರಿ.

ಡೆಡ್ ಟೆಸ್ಟ್ ಹಾಕಿದರೂ ಮಿಂಚೇ ಇಲ್ಲ, ಪೂರ್ತಿ ಕಪ್ಪು ಅಂದರೆ ಮಾತು ಬೇರೆ. ಆಗ ಪ್ರೊಸೆಸರಿನ 40ನೇ ಕಾಲು ನೋಡಿ, ಅದು ರೀಸೆಟ್. ಆನ್ ಮಾಡಿದ ಕ್ಷಣ ಸೊನ್ನೆಯ ಹತ್ತಿರ ಇದ್ದು, ಬೇಗನೇ 5 ವೋಲ್ಟಿನ ಹತ್ತಿರ ಏರಿ ನಿಲ್ಲಬೇಕು. ಸೊನ್ನೆಯಲ್ಲೇ ಉಳಿದರೆ ಪ್ರೊಸೆಸರ್ ಶುರುವೇ ಆಗುತ್ತಿಲ್ಲ. ರೀಸೆಟ್ ಸರಿ ಇದ್ದರೆ, ಸಿಡ್ ಚಿಪ್ ಸಾಕೆಟ್ಟಿನಲ್ಲಿದ್ದರೆ ಪವರ್ ಆಫ್ ಮಾಡಿ ಅದನ್ನು ತೆಗೆದು ನೋಡಿ. ಅದಿಲ್ಲದೆಯೂ ನೀಲಿ ಪರದೆ ಬರಲೇಬೇಕು. ತೆಗೆದಾಗ ಬಂದರೆ ಅದೇ ಎಲ್ಲರನ್ನೂ ಎಳೆದು ಕೂರಿಸಿತ್ತು ಅಂತ ಲೆಕ್ಕ. ಆಗಲೂ ಇಲ್ಲ ಅಂದರೆ ನೀವು ತರಿಸಿದ ಪಿಎಲ್‌ಎಗೆ ಕೆಲಸ ಸಿಕ್ಕಿತು, ಯು17ರಲ್ಲಿ ಹಾಕಿ ನೋಡಿ. ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ತಪ್ಪಲ್ಲ, ಆ ಚಿಪ್ ಬಹಳ ಸಾಯುತ್ತದೆ. ರ‍್ಯಾಮನ್ನು ಯಾವಾಗ ಮಾತಾಡಿಸಬೇಕು ಅಂತ ಹೇಳುವುದೂ ಅದೇ. ಹಾಗಾಗಿ ಅದು ಕೆಟ್ಟರೆ ಚೆನ್ನಾಗಿರುವ ಎಂಟೂ ರ‍್ಯಾಮ್ ಸತ್ತ ಹಾಗೆ ಕಾಣುತ್ತವೆ. ರ‍್ಯಾಮಿನ ಹತ್ತಿರ ಇದ್ದು ಅದಕ್ಕೆ ವಿಳಾಸ ದಾಟಿಸುವ 74ಎಲ್‌ಎಸ್257 ಎಂಬ ಎರಡು ಚಿಪ್‌ಗಳು, ಯು13 ಮತ್ತು ಯು25, ಇವೂ ಇದೇ ನಾಟಕ ಆಡುತ್ತವೆ. ಒಂದು ರ‍್ಯಾಮ್ ಬದಲಾಯಿಸಿದರೂ ಮಿಂಚಿನ ಲೆಕ್ಕ ಒಂದಿಷ್ಟೂ ಅಲುಗದಿದ್ದರೆ ಇನ್ನೊಂದು ರ‍್ಯಾಮ್ ಕೀಳುವ ಮೊದಲು ಇವರನ್ನು ಅನುಮಾನಿಸಿ.

ನೀಲಿ ಪರದೆ ಬಂತು ಅಂತ ಇಟ್ಟುಕೊಳ್ಳಿ. ಅದರ ಮೇಲೆ ಖಾಲಿ ಇರುವ ಬೈಟ್‌ಗಳ ಸಂಖ್ಯೆ ಇರುತ್ತದೆ. 38911 ಅಂತಲೇ ಇರಬೇಕು. ಕಡಿಮೆ ಇದ್ದರೆ ರ‍್ಯಾಮ್ ಪರೀಕ್ಷೆ ನಡುವೆ ಎಲ್ಲೋ ತಡೆದು ನಿಂತಿದೆ, ಇನ್ನೂ ಕೆಲಸ ಬಾಕಿ. ಸಂಖ್ಯೆ ಸರಿ ಇದ್ದು ಕರ್ಸರ್ ಮಾತ್ರ ಮಿನುಗದಿದ್ದರೆ ಯು1ರಲ್ಲಿರುವ ಸಿಐಎ ಚಿಪ್ ನೋಡಿ. ಕೀಬೋರ್ಡು ಓದುವುದೂ ಅದೇ. ಒತ್ತಿದರೂ ಬಾರದ ಕೀಲಿಗಳಿದ್ದರೆ ಮಾತ್ರ ಚಿಪ್ಪಿಗೆ ಕೈ ಹಾಕುವ ಮೊದಲು ಕೀಬೋರ್ಡನ್ನೇ ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅದರ ಹಿಂಬದಿಯ ಪುಟ್ಟ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೂ ಹಲಗೆ ಮೇಲೇಳುವುದಿಲ್ಲ. ಶಿಫ್ಟ್ ಲಾಕ್ ಕೀಲಿಯ ಎರಡು ವೈರುಗಳನ್ನು ಅಲ್ಲಿ ಬೆಸೆದಿರುತ್ತಾರೆ, ಅವನ್ನು ಮೊದಲು ಬಿಡಿಸಬೇಕು.

ಸದ್ಯಕ್ಕೆ ಅಡಾಪ್ಟರಿನ ಅರ್ಧ ಗಂಟೆಯ ರೀಡಿಂಗ್‌ಗಳನ್ನು ಬರೆದು ಕಳಿಸಿ. ಡೆಡ್ ಟೆಸ್ಟ್ ಬಂದ ಮೇಲೆ ಎಷ್ಟು ಸಲ ಮಿಂಚಿತು ಅನ್ನುವುದನ್ನೂ ಬರೆಯಿರಿ. ಬೋರ್ಡಿನ ಅಂಚಿನಲ್ಲಿ 250407 ಅಥವಾ 250425 ಥರದ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಅದೂ ಬೇಕು. ಕೆಪಾಸಿಟರ್‌ಗಳನ್ನು ಬಿಸಾಡಬೇಡಿ, ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ ನೋಡಿ.